ಮಗಳ ವ್ಯಾನಿನ ಬ್ಯಾಟರಿ

ಬೆಳಕು ಹರಿಯುವ ಮುಂಚೆ ವ್ಯಾನುಗಳ ಶೆಡ್ಡಿನಲ್ಲಿ ಮೊದಲು ಏಳುವುದು ಬ್ಯಾಟರಿ ಮಾವ. ಒಂದೊಂದೇ ಬಾನೆಟ್ ಎತ್ತಿ, ರಾತ್ರಿ ಬ್ಯಾಟರಿಗೆ ಹೊದಿಸಿದ್ದ ಹಳೇ ಕಂಬಳಿ ತೆಗೆಯುತ್ತಾರೆ. ಟರ್ಮಿನಲ್ಲಿಗೆ ಕಟ್ಟಿದ ಬಿಳಿ ಪುಡಿಯನ್ನು ಸೋಡಾ ಬೆರೆಸಿದ ಬಿಸಿನೀರಲ್ಲಿ ಉಜ್ಜಿ, ಒರೆಸಿ, ಗ್ರೀಸ್ ಸವರುತ್ತಾರೆ. ಮಾಲೀಕರ ಕೋಣೆಗೆ ಹೀಟರ್ ಬಂದಿದೆ. ಈ ಬಿರಿದ ಬೆರಳುಗಳಿಗೆ ಒಂದು ಜೊತೆ ಕೈಗವಸು ಬಂದಿಲ್ಲ.

"ಹೊಟ್ಟೆ ತುಂಬಿದ ಬ್ಯಾಟರಿ ಎಂಥ ಚಳಿಗೂ ಜಗ್ಗಲ್ಲ. ಹಸಿದಿದ್ರೆ ಹೆಪ್ಪುಗಟ್ಟುತ್ತೆ" ಎನ್ನುತ್ತಾರೆ ಮಾವ. ಈ ವ್ಯಾನುಗಳಲ್ಲಿ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ತಲುಪುವವರಲ್ಲಿ ಒಬ್ಬರೂ ಅವರ ಮುಖ ನೋಡಿಲ್ಲ.

ಮೂಲೆಯ ಬಿಳಿ ವ್ಯಾನ್ ಮಾವನ ಮಗಳದ್ದು. ಆಕೆ ದೂರದೂರಿಗೆ ಲಾರಿ ಓಡಿಸಲು ಹೋಗಿ ಇದು ಎರಡನೇ ಚಳಿಗಾಲ. "ಬಂದು ನಾನೇ ಸ್ಟಾರ್ಟ್ ಮಾಡ್ತೀನಪ್ಪ, ನೀನು ಕೀಲಿ ಮುಟ್ಬೇಡ" ಅಂದು ಹೋದವಳು. ಹೋದ ವರ್ಷವೂ ಬರುತ್ತೇನೆ ಅಂದಿದ್ದಳು, ಈ ವರ್ಷವೂ ಅಂದಿದ್ದಾಳೆ. ಮಾವ ಅದರ ಬ್ಯಾಟರಿಯ ವಯರ್ ಕಳಚಿ, ತಿಂಗಳು ತಪ್ಪದೆ ಚಾರ್ಜ್ ಮಾಡಿ, ಅವಳದೇ ಶಾಲು ಹೊದಿಸಿಡುತ್ತಾರೆ. ಕೀಲಿ ಮಾತ್ರ ತಿರುಗಿಸಿಲ್ಲ. ಅಡುಗೆ ಮಾಡಿ ಉಪ್ಪು ನೋಡದೇ ಬಡಿಸೋ ಆಸಾಮಿ ಎಂದು ಚಾಲಕರು ಕಾಡಿಸುತ್ತಾರೆ.

ಇವತ್ತು ನರ್ಸುಗಳನ್ನು ಆಸ್ಪತ್ರೆಗೆ ಒಯ್ಯುವ ವ್ಯಾನ್ ಏಳುವುದಿಲ್ಲ. ಚಾಲಕ ರಾತ್ರಿ ಒಳಗಿನ ದೀಪ ಆರಿಸಿರಲಿಲ್ಲ. ಖಾಲಿಯಾದ ಬ್ಯಾಟರಿ ಹೆಪ್ಪುಗಟ್ಟಿ ಪಕ್ಕಗಳು ಉಬ್ಬಿವೆ. ಪಕ್ಕದ ವ್ಯಾನಿನಿಂದ ವಯರ್ ಎಳೆಯಹೋದ ಚಾಲಕನ ಕೈ ಹಿಡಿದು, ಹೆಪ್ಪುಗಟ್ಟಿದ್ದಕ್ಕೆ ಕರೆಂಟ್ ಕೊಟ್ಟರೆ ಸಿಡಿಯುತ್ತದೆ ಎಂದು ಮಾವ ತಡೆಯುತ್ತಾರೆ. ಒಂದು ಬ್ಯಾಟರಿ ಹೆಚ್ಚಿಗೆ ಇರಲಿ ಎಂದು ಮಾಲೀಕರಿಗೆ ಹೇಳಿ ಹೇಳಿ ಮಾವನ ನಾಲಿಗೆ ಸವೆದಿದೆ. ಗೋಡೆಗೆ ಹೇಳಿದ್ದರೂ ಅಷ್ಟೇ.

ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯವರು ಕಾಯುತ್ತಿದ್ದಾರೆ, ಉಳಿದ ವ್ಯಾನುಗಳೂ ಈಗಲೇ ಹೊರಡಬೇಕು. ಮಾವ ಬಿಳಿ ವ್ಯಾನಿನ ಬಾನೆಟ್ ಎತ್ತುತ್ತಾರೆ. ಆಮೇಲೆ ಶಾಲು ತೆಗೆಯುತ್ತಾರೆ.

ಮಗಳ ಬ್ಯಾಟರಿ ಕೂರಿಸಿದ ಮೇಲೆ ನರ್ಸುಗಳ ವ್ಯಾನ್ ಒಂದೇ ಸಲಕ್ಕೆ ಏಳುತ್ತದೆ.

"ಉಪ್ಪು ನೋಡಿದಂಗಾಯ್ತಲ್ಲ ಮಾವ" ಎಂದು ಚಾಲಕ ನಗುತ್ತಾನೆ.

ಮಾವ ನಗುವುದಿಲ್ಲ. ಖಾಲಿ ಜಾಗ ಒರೆಸಿ, ಶಾಲು ಮಡಚಿ ಅಲ್ಲೇ ಇಟ್ಟು, ಬಾನೆಟ್ ಮೆಲ್ಲಗೆ ಮುಚ್ಚುತ್ತಾರೆ.

"ಸಂಜೆಯೊಳಗೆ ಬ್ಯಾಟರಿ ವಾಪಸ್ ತಂದುಬಿಡಪ್ಪ. ಅವಳು ಯಾವಾಗ ಬರ್ತಾಳೋ ಹೇಳಕ್ಕಾಗಲ್ಲ."