ಉಗ್ರಾಣದ ನಾತ

ನನ್ನ ಗಂಡ ಗಿರ್ದಾವರಿಕೆ ಬಿಟ್ಟಾಗ ಅವರ ತಲೆಯಲ್ಲಿ ಒಂದೂ ಬಿಳಿಕೂದಲಿರಲಿಲ್ಲ. ನಿಜಾಮರ ಕಾಲದಲ್ಲಿ ಸರ್ಕಾರಿ ನೌಕರಿಯನ್ನು ಕೈಯಾರೆ ಬಿಡುವವನು ಹುಚ್ಚನಿರಬೇಕು, ಇಲ್ಲವೇ ಎಲ್ಲೋ ಸಿಕ್ಕಿಬಿದ್ದಿರಬೇಕು. ನಮ್ಮವರದು ಇವೆರಡರಲ್ಲಿ ಯಾವುದು ಎಂದು ನಾರಾಯಣಖೇಡದ ನಮ್ಮ ಓಣಿಯಲ್ಲಿ ಬಹಳ ದಿನ ಮಾತು ನಡೆಯಿತು. ಮನೆಯಲ್ಲಿ ಒಂದು ಕೋಣೆ ನಾರುತ್ತಿತ್ತು, ಅದಕ್ಕೇ ಬಿಟ್ಟೆವು ಎಂದಿದ್ದರೆ ಯಾರೂ ನಂಬುತ್ತಿರಲಿಲ್ಲ. ಹಾಗಾಗಿ ನಾನು ಯಾರಿಗೂ ಹೇಳಲಿಲ್ಲ. ಈಗ ಬರೆಯುತ್ತಿದ್ದೇನೆ.

ನನ್ನ ತವರು ನಾಗಲಗಿದ್ದದ ಕಡೆ. ಅಪ್ಪನದು ಸಣ್ಣ ಕಿರಾಣಿ ಅಂಗಡಿ. ಲಿಂಗಪೂಜೆಯಾದ ಮೇಲೆ ಊಟ, ಊಟವಾದ ಮೇಲೆ ತಾಟು ತೊಳೆದು ಆ ನೀರನ್ನೂ ಕುಡಿಯುವುದು ನಮ್ಮ ಮನೆಯ ಪದ್ಧತಿ. ಒಂದು ಅಗುಳು ಬಿಟ್ಟರೆ ಅಪ್ಪ ಬಯ್ಯುತ್ತಿರಲಿಲ್ಲ, ಸುಮ್ಮನೆ ಆ ತಾಟನ್ನೇ ನೋಡುತ್ತ ಕೂರುತ್ತಿದ್ದರು. ಅಂಥ ಮನೆಯಿಂದ ನಾನು ಗಿರ್ದಾವರರ ಕೈಹಿಡಿದು ಬಂದೆ.

ಗಿರ್ದಾವರ ಅಂದರೆ ಕುದುರೆ ಹತ್ತಿ ಊರೂರು ತಿರುಗಿ ಬೆಳೆ ನೋಡುವವರು. ಅವರು ಬರೆದಂತೆ ಕಂದಾಯ. ಸಾಹೇಬರು ದೌರಾ ಎಂದು ತಿರುಗಾಟಕ್ಕೆ ಬಂದರೆ ಅವರಿಗೂ ಅವರ ಕುದುರೆಗೂ ಊರವರೇ ಊಟ-ಮೇವು ಕೊಡಬೇಕು. ಅದಕ್ಕೆ ರಸದ್ ಎನ್ನುತ್ತಿದ್ದರು. ಉಂಡು ಮಿಕ್ಕಿದ್ದು ಊರಲ್ಲೇ ಉಳಿಯುತ್ತಿರಲಿಲ್ಲ, ಬಂಡಿ ಹತ್ತಿ ಸಾಹೇಬರ ಹಿಂದೆ ಮನೆಗೆ ಬರುತ್ತಿತ್ತು. ಜೋಳ, ತೊಗರಿ, ಬೆಲ್ಲ, ತುಪ್ಪ, ಮಾವಿನಹಣ್ಣಿನ ಕಾಲಕ್ಕೆ ಹಣ್ಣು.

ಮೊದಮೊದಲು ನನಗೂ ಹಿಗ್ಗೇ. ಆದರೆ ಮನೆಯಲ್ಲಿದ್ದವರು ನಾವಿಬ್ಬರು ಮತ್ತು ಒಬ್ಬಳು ಮಗಳು. ಎಷ್ಟಂತ ತಿನ್ನುವುದು? ಹಿತ್ತಲ ಕೋಣೆಯನ್ನು ಉಗ್ರಾಣ ಮಾಡಿದೆವು, ಅದೂ ತುಂಬಿತು. ಬೆಲ್ಲ ಕರಗಿ ನೆಲಕ್ಕೆ ಹರಿದು ಅಂಟಾಯಿತು, ಅದರ ಮೇಲೆ ಇರುವೆ, ಇರುವೆಯ ಮೇಲೆ ಧೂಳು. ಜೋಳದ ಚೀಲಕ್ಕೆ ಕೈ ಹಾಕಿದರೆ ಹಿಟ್ಟಿನಂಥ ಹುಡಿ, ಹುಡಿಯೊಳಗೆ ಹುಳ. ಇಲಿಗಳು ನನ್ನನ್ನು ಕಂಡರೆ ಓಡುವುದನ್ನೂ ಬಿಟ್ಟಿದ್ದವು. ಎಲ್ಲಕ್ಕಿಂತ ಕೆಟ್ಟದ್ದು ಮುಗ್ಗಿದ ತುಪ್ಪದ ವಾಸನೆ. ಸೀರೆಗೆ, ಕೂದಲಿಗೆ, ಮಗಳ ಹಾಸಿಗೆಗೆ ಹತ್ತಿಕೊಂಡಿತ್ತು. ಪೂಜೆಗೆ ಕೂತು ಕಣ್ಣು ಮುಚ್ಚಿದರೆ ವಿಭೂತಿಯ ವಾಸನೆಗಿಂತ ಮೊದಲು ಅದು ಮೂಗಿಗೆ ಬರುತ್ತಿತ್ತು.

"ಬ್ಯಾಡ ಅನ್ರಿ ಊರವರಿಗೆ," ಎಂದೆ ಒಮ್ಮೆ ಗಂಡನಿಗೆ.

"ಬ್ಯಾಡ ಅಂದ್ರ, ಇಷ್ಟು ಸಾಲಿಲ್ಲೇನೋ ಅಂತ ತಿಳ್ಕೊಂಡು ಇನ್ನಿಷ್ಟು ತರ್ತಾರ," ಎಂದರು. ಅದು ಸುಳ್ಳಲ್ಲ. ಅದು ಸುಳ್ಳಲ್ಲದ್ದಕ್ಕೇ ನನಗೆ ಹೆಚ್ಚು ಹೇಸಿಗೆಯಾಯಿತು.

ಒಂದು ಬೇಸಿಗೆಯ ಮಧ್ಯಾಹ್ನ ಕಲ್ಹೇರಿನ ಕಡೆಯಿಂದ ಒಬ್ಬ ಕುರುಬರ ಹೆಂಗಸು ನಡೆದು ಬಂದಳು. ಕಾಲಿನ ತುಂಬ ಧೂಳು. ಬಾಗಿಲ ಹೊರಗೇ ನಿಂತಳು.

"ಅವ್ವಾರ, ನನ್ನ ಚರಗಿ ಒಯ್ಯಾಕ ಬಂದೀನ್ರಿ," ಎಂದಳು. "ತುಪ್ಪ ಕೇಳಾಕ ಅಲ್ರಿ ಮತ್ತ. ಸಾಹೇಬರಿಗಂತ ಕೊಟ್ಟದ್ದು ಕೊಟ್ಟಾತು. ಚರಗಿ ನನ್ನ ತವರಿಂದು. ಹಿತ್ತಾಳಿದು ಅದೊಂದೇ ಅದರಿ ನನ್ನ ಬಲ್ಲಿ."

ಯಾವ ಚರಗಿ ಎಂದು ನನಗೇನು ಗೊತ್ತು? ಉಗ್ರಾಣಕ್ಕೆ ಕರೆದುಕೊಂಡು ಹೋದೆ. ಅವಳು ಹೊಸ್ತಿಲಲ್ಲಿ ಒಂದು ಕ್ಷಣ ನಿಂತು ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಕುರಿಹಟ್ಟಿಯಲ್ಲಿ ಬದುಕುವ ಹೆಂಗಸು ನನ್ನ ಮನೆಯಲ್ಲಿ ಮೂಗು ಮುಚ್ಚಿಕೊಂಡಳು. ಆಮೇಲೆ ಪಾತ್ರೆಗಳ ಸಾಲಿನಿಂದ ತನ್ನ ಚರಗಿಯನ್ನು ಗುರುತಿಸಿ ಎತ್ತಿದಳು. ಅದು ಭಾರವಾಗಿತ್ತು. ಬಾಯಿಗೆ ಕಟ್ಟಿದ್ದ ಬಟ್ಟೆಯನ್ನು ಇಲಿ ಕಡಿದಿತ್ತು. ಬಿಚ್ಚಿದರೆ ತುಪ್ಪ ಕಂಠಮಟ ಹಾಗೇ ಇದೆ, ಹಸಿರು ಬಣ್ಣಕ್ಕೆ ತಿರುಗಿದೆ, ನಡುವೆ ಒಂದು ಇಲಿಮರಿ ಸತ್ತು ಉಬ್ಬಿದೆ.

ಅವಳು ಬಹಳ ಹೊತ್ತು ನೋಡಿದಳು. ಸಿಟ್ಟು ಮಾಡಲಿಲ್ಲ.

"ನೀವಾದ್ರೂ ಉಂಡಿದ್ರ ಆಗ್ತಿತ್ತವ್ವ," ಎಂದಳು. "ನಮ್ಮ ಕೂಸಿನ ಬಾಯಿಂದ ಬಿಡಿಸಿ ಕೊಟ್ಟಿದ್ದೆ."

ಹಿತ್ತಲಲ್ಲಿ ಅದನ್ನು ಸುರಿದು, ಬೂದಿ ಹಾಕಿ ನಾವಿಬ್ಬರೂ ಆ ಚರಗಿಯನ್ನು ತಿಕ್ಕಿದೆವು. ನಾನು ಎರಡು ಸಲ ಎದ್ದು ಹೋದೆ. ಅವಳು ತಿಕ್ಕುತ್ತಲೇ ಇದ್ದಳು. ಹೋಗುವಾಗ ಜೋಳ ಕೊಡಲು ಹೋದರೆ ಬೇಡವೆಂದಳು. ಹುಳ ಕಂಡಿದ್ದಳು.

ಆ ದಿನ ಗಂಡ ಬಂದಾಗ ಅಡಿಗೆ ಮಾಡಿರಲಿಲ್ಲ. ನಡೆದದ್ದನ್ನು ಹೇಳಿದೆ. "ನೌಕರಿ ಬಿಡ್ರಿ," ಎಂದೆ.

"ಬಿಟ್ಟು ಉಣ್ಣೋದೇನು?"

"ನ್ಯಾಲ್ಕಲ್ ಕಡೆ ನಿಮ್ಮ ಪಾಲಿನ ಹೊಲ ಅದ. ಒಂದು ಹಗೇವಿನ ಕುಣಿ ತುಂಬ ಜೋಳ, ಒಂದು ಎಮ್ಮಿ ಇದ್ರ ನಮಗ ಸಾಕಾಗ್ತದ."

"ಸಾಕು ಅನ್ನೋದು ಮುದುಕರ ಮಾತು," ಎಂದರು. ಆದರೆ ದನಿಯಲ್ಲಿ ಜೋರಿರಲಿಲ್ಲ. ಕೊನೆಗೆ, ತಾಂಡೂರಿನಲ್ಲಿರುವ ತಮ್ಮ ಹಳೆಯ ಮೇಲಧಿಕಾರಿಯನ್ನು ಕೇಳಿ ನೋಡೋಣ ಎಂದರು. ಆ ಹಿರಿಯರು ತಹಸೀಲಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದು, ಪೂರಾ ನೌಕರಿ ಮುಗಿಸಿ, ವಜೀಫಾ ಎಂಬ ಪಿಂಚಣಿ ತೆಗೆದುಕೊಂಡು ಅಲ್ಲಿ ಮನೆ ಕಟ್ಟಿಸಿದ್ದರು. ಬಂಡಿಯಲ್ಲಿ ಜಹೀರಾಬಾದಿಗೆ ಹೋಗಿ ರೈಲು ಹತ್ತಿದೆವು. ವಿಕಾರಾಬಾದಿನಲ್ಲಿ ಗಾಡಿ ಬದಲಿಸಿ ತಾಂಡೂರು ಮುಟ್ಟಿದೆವು.

ಮನೆಯೇನೋ ಮನೆಯೇ. ಅಂಗಳದಿಂದ ಅಡಿಗೆಮನೆಯ ತನಕ ನುಣ್ಣಗಿನ ನೀಲಿ ಕಲ್ಲಿನ ಹಾಸು. ಹಿರಿಯರು ಮಂಚದ ಮೇಲೆ ಕೂತಿದ್ದರು. ಸೊಂಟದ ಉಡಿದಾರಕ್ಕೆ ಉಗ್ರಾಣದ ಕೀಲಿ ಕಟ್ಟಿಕೊಂಡಿದ್ದರು. ಊಟಕ್ಕೆ ಹೋಳಿಗೆ ಮಾಡಿಸಿದರು. ನಮಗೆ ಬಡಿಸಿ, ಅವರ ಮುಂದೆ ಮಾತ್ರ ಸೊಸೆ ಸಪ್ಪೆ ಗಂಜಿ ಇಟ್ಟಳು.

"ಸಾಹೇಬರು ಹೋಳಿಗಿ ಉಣ್ಣಾಂಗಿಲ್ಲೇನ್ರಿ?" ಎಂದು ನಮ್ಮವರು ಕೇಳಿದರು.

"ಸಕ್ಕರಿ ರೋಗ ಬಂದದ. ಡಾಕ್ಟರ್ ಬ್ಯಾಡಂದಾನ. ನೀ ಉಣ್ಣು, ನಾ ನೋಡ್ತೀನಿ."

ನೋಡಿದರು. ಗಂಜಿ ಮುಟ್ಟದೆ ನಮ್ಮ ಕೈ, ನಮ್ಮ ಬಾಯಿಯನ್ನೇ ನೋಡಿದರು. ನಮ್ಮವರು ತುತ್ತು ನುಂಗಿದರೆ ಅವರ ಗಂಟಲೂ ಮೇಲೆ ಕೆಳಗೆ ಆಡುತ್ತಿತ್ತು. "ಮೆತ್ತಗ ಅದೇನು? ಬೆಲ್ಲ ಸರಿಯಾಗಿ ಬಿದ್ದದೇನು? ತುಪ್ಪ ಇನ್ನಿಷ್ಟು ಹಾಕ್ಕೋ, ಹಾಂ, ಈಗ ಅದ್ದು." ತುಟಿಯ ತುದಿಯಲ್ಲಿ ಜೊಲ್ಲು ಕೂಡಿ ಎಳೆಯಾಗಿ ಇಳಿಯಿತು. ಅವರಿಗೆ ಅದರ ಅರಿವಿರಲಿಲ್ಲ. ಸೊಸೆ ಇನ್ನಷ್ಟು ತುಪ್ಪ ಬೇಕೆಂದಾಗ ಕೀಲಿಯನ್ನು ಅವಳಿಗೆ ಕೊಡಲಿಲ್ಲ. ಗೋಡೆ ಹಿಡಿದುಕೊಂಡು ತಾವೇ ಎದ್ದು, ಕೋಣೆ ತೆಗೆದು, ಒಂದು ಚಮಚ ತಂದು ಹಾಕಿ, ಮತ್ತೆ ಕೀಲಿ ಹಾಕಿದರು. ಆ ಬಾಗಿಲು ತೆರೆದ ಗಳಿಗೆಯಲ್ಲೇ ನನಗೆ ಗೊತ್ತಾಯಿತು. ಅದೇ ನಾತ. ನನ್ನ ಬಾಯೊಳಗಿದ್ದ ಹೋಳಿಗೆಯನ್ನು ನುಂಗಲಾರದೆ, ಉಗುಳಲಾರದೆ, ಕಣ್ಣಲ್ಲಿ ನೀರು ಬಂತು.

ನಮ್ಮವರು ನೌಕರಿ ಬಿಡುವ ಮಾತು ತೆಗೆದರು.

"ಹುಚ್ಚಿದ್ದೀ," ಎಂದರು ಹಿರಿಯರು. "ಈಗ ಕೂಡಿ ಹಾಕೋ ವಯಸ್ಸು. ಇನ್ನು ಹತ್ತು ಹದಿನೈದು ವರ್ಷ ತಡಿ. ಆಮ್ಯಾಲ ನನ್ನಂಗ ಆರಾಮ ಕುಂತು ಉಣ್ಣು."

ಸ್ಟೇಷನ್ನಿನ ಬೆಂಚಿನ ಮೇಲೆ ಕೂತಾಗ ಗಂಡ ಧೋತರದ ಚುಂಗಿನಿಂದ ತಮ್ಮ ತುಟಿ ಒರೆಸಿಕೊಂಡರು. ಆಮೇಲೆ, "ಅವರ ತುಟಿ ನೋಡಿದ್ಯಾ?" ಎಂದರು.

"ನೋಡಿದೆ."

"ನಾಳೆ ಇಸ್ತೀಫಾ ಬರೀತೀನಿ."

ಬರೆದು ನೌಕರಿ ಬಿಟ್ಟರು. ಉಗ್ರಾಣದ್ದನ್ನು ತಂದವರಿಗೇ ತಿರುಗಿ ಕೊಡೋಣವೆಂದು ಹತ್ತಿರದ ಎರಡು ಊರುಗಳಿಗೆ ಹೇಳಿ ಕಳಿಸಿದೆ. ಯಾರೂ ಬರಲಿಲ್ಲ. ಕೊಟ್ಟದ್ದನ್ನು ತಿರುಗಿ ತೆಗೆದುಕೊಂಡರೆ ಮುಂದೆ ಏನು ಕಾದಿದೆಯೋ ಎಂದು ಅವರಿಗೆ ಭಯ. ಒಳ್ಳೆಯದಿದ್ದಷ್ಟನ್ನು ಮಠದ ದಾಸೋಹಕ್ಕೆ ಕೊಟ್ಟೆವು. ಉಳಿದದ್ದಕ್ಕೆ ಹಿತ್ತಲಲ್ಲಿ ಕುಣಿ ತೋಡಿಸಬೇಕಾಯಿತು. ಊರ ನಾಯಿಗಳೆಲ್ಲ ಬಂದು ಕೆದರಿದವು. ಜನರ ಬಾಯಿಂದ ಬಂದದ್ದು ನಾಯಿಗಳ ಬಾಯಿಗೆ ಹೋಯಿತು, ಅವೂ ಎಷ್ಟೋ ಮೂಸಿ ಬಿಟ್ಟವು.

ನ್ಯಾಲ್ಕಲ್ ಕಡೆಯ ನಮ್ಮ ಊರಿಗೆ ಬಂದೆವು. ಜೋಳ, ಕಡಲೆ, ಒಂದಿಷ್ಟು ಕುಸುಬಿ. ಎಮ್ಮೆ ಕಟ್ಟಿದೆ. ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆ. ಉಟ್ಟ ಸೀರೆ ಹರಿದ ಮೇಲೆಯೇ ಇನ್ನೊಂದು. ಕೊರತೆ ಇರಲಿಲ್ಲ ಎಂದು ಹೇಳಲಾರೆ; ಮಗಳಿಗೆ ಜ್ವರ ಬಂದ ವರ್ಷ ನನ್ನ ಬಳೆಗಳು ಹೋದವು. ಆದರೆ ಮನೆಗೆ ಮನೆಯ ವಾಸನೆ ಬಂತು.

ಇಲ್ಲಿಗೆ ನಿಲ್ಲಿಸಿದರೆ ಚೆಂದ. ಆದರೆ ನನ್ನ ಗಂಡ ಅಷ್ಟು ಸುಲಭದ ಮನುಷ್ಯರಲ್ಲ. ಸರ್ಕಾರಿ ನೌಕರಿ ಒದ್ದು ಬಂದವರು ಎಂದು ಸುತ್ತಿನ ಊರುಗಳಲ್ಲಿ ಹೆಸರಾಯಿತು. ಜನ ಬಂದು ಕಟ್ಟೆಯ ಮೇಲೆ ಕೂರತೊಡಗಿದರು. ಜಹೀರಾಬಾದಿನ ವ್ಯಾಪಾರಸ್ಥರೂ ಬಂದರು. ಇವರು ಗೋಡೆಗೊರಗಿ ಹೇಳುವುದು, ಅವರು ತಲೆದೂಗುವುದು. "ಮನುಷ್ಯಾಗ ಎಷ್ಟು ಬೇಕು? ಬೊಗಸಿ ಜ್ವಾಳ. ನಾ ಎಲ್ಲಾ ಬಿಟ್ಟು ಬಂದೀನಿ." ಹೊಲದಲ್ಲಿ ಕಳೆ ತೆಗೆಯುತ್ತಿದ್ದವಳು ನಾನು. ಸಂತೃಪ್ತಿಯನ್ನು ಹೇಳಿಕೊಡಲು ಇವರಿಗೆ ಪುರಸೊತ್ತು ಸಿಕ್ಕದ್ದು ಹಾಗೆ.

ದೊಡ್ಡವರ ಬಳಿ ಬರಿಗೈಲಿ ಬರಬಾರದೆಂದು ಜನ ತೆಂಗಿನಕಾಯಿ ತಂದರು. ಆಮೇಲೆ ಬಾಳೆಹಣ್ಣು, ಬೆಲ್ಲದಚ್ಚು. ಬೆಳಿಗ್ಗೆ ಎದ್ದು ಇವತ್ತು ಯಾರು ಬರುತ್ತಾರೋ ಎಂದು ಇವರು ದಾರಿ ನೋಡುವುದನ್ನು ಕಂಡೆ. ಒಂದು ದಿನ ಅಟ್ಟದ ಮೇಲೆ ಕಪ್ಪಾಗಿ ಕೊಳೆತ ಬಾಳೆಗೊನೆ ಸಿಕ್ಕಿತು, ಸುತ್ತ ಗುಂಗಾಡು ನೊಣ. ಅದನ್ನು ತಂದು ಕಟ್ಟೆಯ ಮೇಲೆ, ಕೂತಿದ್ದ ಐದಾರು ಮಂದಿಯ ನಡುವೆ ಇಟ್ಟೆ.

"ಸಾಹೇಬರು ಎಲ್ಲಾ ಬಿಟ್ಟಾರ," ಎಂದೆ. "ಇದನ್ನ ಬಿಡೋದು ಮರ್ತಾರ. ನೀವೇ ಒಯ್ರಿ. ನಾಳಿಂದ ಏನೂ ತರಬ್ಯಾಡ್ರಿ."

ಬಂದವರು ಒಬ್ಬೊಬ್ಬರಾಗಿ ಎದ್ದು ಹೋದರು. ಗಂಡ ನನ್ನ ಜೊತೆ ಮಾತು ಬಿಟ್ಟರು. ಜಹೀರಾಬಾದಿನಲ್ಲಿದ್ದ ತಮ್ಮ ಸ್ವಂತ ಅಣ್ಣನ ಮನೆಗೆ ಹೋಗಿ ಕೂತರು. ಅಲ್ಲಿ ಅತ್ತಿಗೆ ರೊಟ್ಟಿ ಬಡಿಸುವಾಗಲೆಲ್ಲ, ಕೈಯಲ್ಲಿದ್ದ ನೌಕರಿ ಕಳಕೊಂಡವರು ಎಂದು ಗೊಣಗುತ್ತಿದ್ದಳಂತೆ. ಚಳಿ ಮುಗಿಯುವ ಹೊತ್ತಿಗೆ ತಿರುಗಿ ಬಂದರು. ಗಂಟು ಇಳಿಸಿ ಎಮ್ಮೆಗೆ ಮೇವು ಹಾಕಿದರು.

ಆ ವರ್ಷ ಕುಸುಬಿ ಚೆನ್ನಾಗಿ ಬಂದಿತ್ತು. ಗಿಡವೆಲ್ಲ ಮುಳ್ಳು. ಕೈಗೆ ಹಳೆ ಬಟ್ಟೆ ಸುತ್ತಿಕೊಂಡು ಇಬ್ಬರೂ ಕಿತ್ತೆವು. ಅವರು ಸಂಜೆಯ ತನಕ ಮುಳ್ಳಿಗೆ ಬಯ್ಯುತ್ತಲೇ ಇದ್ದರು. ಸಂತೃಪ್ತಿಯ ಬಗ್ಗೆ ಒಂದು ಮಾತೂ ಆಡಲಿಲ್ಲ.