ಪುಸ್ತಕ ಒಯ್ಯದ ವಕೀಲ
ಸಿಂದಗಿ ಕೋರ್ಟಿನ ಚಹಾದಂಗಡಿಯಲ್ಲಿ ಮಾಳಿಂಗನನ್ನು ಎಲ್ಲರೂ "ವಕೀಲ್ರ" ಎಂದೇ ಕರೆಯುತ್ತಾರೆ. ವಕೀಲಿ ಮಾಡಲು ಕೊಟ್ಟ ತಾತ್ಕಾಲಿಕ ಸನದಿನ ಅವಧಿ ಮುಗಿದಿದೆ. ಬಾರ್ ಪರೀಕ್ಷೆ ಪಾಸಾಗುವವರೆಗೆ ಅವನು ವಾದಿಸುವಂತಿಲ್ಲ. ಪರೀಕ್ಷೆಗೆ ಕಾಯ್ದೆ ಪುಸ್ತಕ ಒಯ್ಯಲು ಅಡ್ಡಿಯಿಲ್ಲ, ಆದರೂ ಇವನು ಪ್ರತಿಸಲ ಬರಿಗೈಯಲ್ಲೇ ಹೋಗಿ ನಪಾಸಾಗುತ್ತಾನೆ. "ನೋಡಿ ಬರ್ಯಾಂವ ಎಂಥಾ ವಕೀಲೋ?" ಎನ್ನುತ್ತಾನೆ. ಕಾಯ್ದೆಗಳೇ ಬದಲಾದವು, ಅವನ ಬಾಯಲ್ಲಿ ಹಳೆಯ ಕಲಮುಗಳೇ ಉಳಿದವು. "ಖೂನಿಗೆ ಈಗ ನೂರಾ ಮೂರು ಐತೋ, ಮುನ್ನೂರಾ ಎರಡು ಯಾವಾಗೋ ಹೋತು!" ಎಂದು ಪಾಸಾದ ಗೆಳೆಯ ಕಾಂತು ನಗುತ್ತಾನೆ. ಹೊಲದ ದಾವೆಯನ್ನು ಮಗನೇ ನಡೆಸಲೆಂದು ಮಾಳಿಂಗನ ತಾಯಿ ಚಂದವ್ವ ವರ್ಷಗಟ್ಟಲೆ ವಾಯಿದೆ ಕೇಳಿ ಮುಂದೂಡಿಸಿದಳು. ಕೊನೆಗೆ ಕಾಂತುವೇ ವಕಾಲತ್ತು ಹಾಕಿದ. ಎದುರು ವಕೀಲರ ಪಾಟೀಸವಾಲಿಗೆ ತಡವರಿಸಿದ ಮುದುಕಿ ನ್ಯಾಯಾಧೀಶರಿಗೆ ಕೈಮುಗಿದು, "ಸಾಹೇಬ್ರ, ನನ್ನ ಮಗಾ ವಕೀಲ ಅದಾನ್ರಿ, ಅಲ್ಲೇ ಹಿಂದ ಕುಂತಾನ. ಅವನ್ನ ಕೇಳ್ರಿ" ಎಂದಳು. ಎಲ್ಲರೂ ತಿರುಗಿ ನೋಡಿದರು. ಮಾಳಿಂಗ ಏಳಲಿಲ್ಲ.