ಹಿಂದಿನ ಕಾಲು

ತೂಗಿದರೆ ಅಕ್ಕಯಮ್ಮ ನಲವತ್ತು ಕಿಲೋ ದಾಟುವ ಮಾಲಲ್ಲ. ಬಾಯಿಯನ್ನು ಬೇರೆ ತೂಗಬೇಕು. ವಯಸ್ಸು ಅರವತ್ತೆಂಟು, ಮಂಡಿ ಸವೆದಿದೆ, ಕತ್ತು ಮಾತ್ರ ಗಟ್ಟಿ. ಜೋಗುಪಾಳ್ಯದಲ್ಲಿ ಪ್ಲಾಸ್ಟಿಕ್ ಸಾಮಾನಿನ ಅಂಗಡಿ ಇಟ್ಟಿರುವ ರಾಮಾಂಜಿನಪ್ಪ ಅವಳಿಗೆ ಕಟ್ಟಿದ್ದ ಬೆಲೆ ಅಷ್ಟೇ. ತಲೆಯ ಮೇಲೆ ಸೊಪ್ಪಿನ ಮಂಕರಿ ಹೊತ್ತು ದಿನವೂ ಬೆಳಿಗ್ಗೆ ಅವನ ಅಂಗಡಿ ಮುಂದೆ ಹಾದು ಬೀದಿ ಸುತ್ತುವುದೇ ಅವಳ ಹೊಟ್ಟೆಪಾಡು.

ಅವನದೂ ಒಂದು ಪದ್ಧತಿಯಿತ್ತು. ಬಾಗಿಲು ತೆಗೆದ ಕೂಡಲೇ ಬಕೆಟ್ಟು, ಟಬ್ಬು ಫುಟ್‌ಪಾತಿಗೆ ಇಳಿಯುತ್ತಿದ್ದವು; ಕಾರ್ಪೊರೇಷನ್ ಗಾಡಿ ಕಂಡರೆ ಒಳಗೆ ಓಡುತ್ತಿದ್ದವು. ನಡೆಯಲು ಜಾಗವಿಲ್ಲವೆಂದು ಅಕ್ಕಯಮ್ಮ ಕಾರ್ಪೊರೇಷನ್ನಿಗೆ ದೂರು ಕೊಟ್ಟ ಮೇಲೆ ವಾರಕ್ಕೊಂದು ಗೇಣಿನಂತೆ ಸಾಮಾನು ಇನ್ನೂ ಮುಂದೆ ಬಂತು. ಕೊನೆಗೆ ಉಳಿದ ಸಂದಿಗೂ ಅಡ್ಡಲಾಗಿ ಗಿಡ್ಡ ಪ್ಲಾಸ್ಟಿಕ್ ಮಣೆಗಳ ಸಾಲು ಇಟ್ಟ.

ಅವಳು ಎಡವಲಿಲ್ಲ. ಅದೇ ಅವನಿಗೆ ಉರಿ. ಮಂಕರಿ ಹೊತ್ತವಳು ಬಗ್ಗಿ ಕಾಲು ನೋಡುವಂತಿಲ್ಲ. ಮೂರು ಹೆಜ್ಜೆ ದೂರದಿಂದಲೇ ಮಣೆಯನ್ನೊಮ್ಮೆ ನೋಡಿ, ಹೆಜ್ಜೆಯನ್ನು ಅಲ್ಲೇ ಕೊಂಚ ಗಿಡ್ಡ ಮಾಡಿ, ದಾಟುವಾಗ ರಸ್ತೆಯ ತುದಿ ನೋಡುತ್ತಿದ್ದಳು.

“ನೋಡ್ಕೊಂಡ್ ನಡಿಯಕ್ಕ, ಬಿದ್ರೆ ನಮ್ಮ ಮಣೆ ಮುರಿಯುತ್ತೆ.”

“ನಿಮ್ಮಪ್ಪ ಇದೇ ಬೀದೀಲಿ ಎಮ್ಮೆ ಹೊಡ್ಕೊಂಡ್ ಹೋಗ್ತಿದ್ದ ಕಣೋ ಅಂಜಿನಪ್ಪ. ಆ ಎಮ್ಮೆಗಳಾದ್ರೂ ದಾರಿ ಬಿಡ್ತಿದ್ವು.”

ಗಿರಾಕಿಗಳು ನಕ್ಕರು. ಮರುದಿನ ಅವನು ಕಾದು ಕುಳಿತ. ಅವಳ ಮುಂದಿನ ಕಾಲು ಮಣೆ ದಾಟಿ ಊರಿದ ಗಳಿಗೆಗೇ, “ಅಕ್ಕಾ, ಪಕ್ಕದಲ್ಲಿ ನಾಯಿ,” ಅಂದ. ನಾಯಿ ಇರಲಿಲ್ಲ. ಅವಳು ತಿರುಗಿದಳು, ಹಿಂದಿನ ಕಾಲು ಮಣೆಗೆ ತಗುಲಿತು. ಸೊಪ್ಪು ಚೆಲ್ಲಿತು, ಸೊಂಟದ ಮೂಳೆ ಮುರಿಯಿತು.

ಆಸ್ಪತ್ರೆಯಲ್ಲಿ ನಡಿಗೆ ಕಲಿಸುವ ಸುಕನ್ಯ, ಸೇಬು ಹಿಡಿದು ನೋಡಲು ಬಂದ ರಾಮಾಂಜಿನಪ್ಪನನ್ನು ನೆಂಟನೆಂದೇ ತಿಳಿದು ವಿವರಿಸಿದಳು. “ಕಾಲು ಎಲ್ಲಿ ಇಡ್ಬೇಕು, ಎಷ್ಟು ಎತ್ತಬೇಕು ಅಂತ ಮೆದುಳು ಎರಡು ಮೂರು ಹೆಜ್ಜೆ ಮೊದ್ಲೇ ಗೊತ್ತು ಮಾಡ್ಕೊಂಡಿರುತ್ತೆ ಸರ್. ಹಿಂದಿನ ಕಾಲು ಕಣ್ಣಿಗೆ ಕಾಣಲ್ಲ, ಬರೀ ನೆನಪಿನ ಮೇಲೆ ದಾಟುತ್ತೆ. ಆ ಹೊತ್ತಲ್ಲಿ ಯಾರಾದ್ರೂ ಗಮನ ಎಳೆದ್ರೆ ಮುಗೀತು.”

“ಅವನಿಗದು ಗೊತ್ತು ಕಣಮ್ಮ,” ಅಂದಳು ಅಕ್ಕಯಮ್ಮ, ಗೋಡೆ ಕಡೆ ಮುಖ ಮಾಡಿಕೊಂಡೇ. “ದಿನಾ ನನ್ನ ಕಾಲೇ ನೋಡ್ತಾ ಕೂತಿರ್ತಿದ್ದ. ಸೇಬು ಎತ್ಕೊಂಡ್ ಹೋಗೋ.”

ಈಗ ಅವಳು ವಾಕರ್ ಹಿಡಿದು, ಕಾಲು ನೋಡಿಕೊಂಡು, ಮನೆಯೊಳಗೇ ಹತ್ತು ಹೆಜ್ಜೆ ಇಡುತ್ತಾಳೆ. ಸೊಪ್ಪಿನ ವ್ಯಾಪಾರ ನಿಂತಿದೆ. ಮಣೆಗಳು ಅಂಗಡಿಯೊಳಗೆ ಸೇರಿವೆ. ಆ ಸಂದಿಯಲ್ಲಿ ಯಾರದೋ ಸ್ಕೂಟರ್ ನಿಲ್ಲುತ್ತದೆ. ವಯಸ್ಸಾದವಳು, ಎಡವಿ ಬಿದ್ದಳು ಎಂದು ಬೀದಿಯೆಲ್ಲ ನಂಬಿದೆ. ಬೀಳಿಸಿದ್ದು ನಾನೇ ಎಂದು ಆ ಬೀದಿಯ ಎದುರು ನಿಂತು ಹೇಳುವುದು ರಾಮಾಂಜಿನಪ್ಪ ಅವಳಿಗೆ ಕೊಡಬೇಕಾದ ಬಾಕಿ; ಅದನ್ನು ಅವನು ಇನ್ನೂ ಕೊಟ್ಟಿಲ್ಲ.